ಹೇಮಾವತಿ: ಹೊಳೆಯಿಂದ ಬಂದ ಹೆಸರು



ಹೇಮಗಿರಿಯಿಂದ ಕಿಕ್ಕೇರಿ ದೂರವೇನಲ್ಲ. ಅಲ್ಲಿನ ಬ್ರಹ್ಮೇಶ್ವರ ಗುಡಿಯನ್ನು ಕಾಣದವರು ಈ ಸಭೆಯಲ್ಲಿ ಕಡಿಮೆ. 1171ರಲ್ಲಿ, ಹೊಯ್ಸಳ ಒಂದನೆಯ ನರಸಿಂಹ ಆಳುತ್ತಿದ್ದ ಕಾಲದಲ್ಲಿ, ಆ ಗುಡಿಯನ್ನು ಕಟ್ಟಿಸಿದವರು ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು. ಆಕೆಯ ಮುಖ ಹೇಗಿತ್ತೆಂದು ನಮಗೆ ತಿಳಿಯದು, ಮಾತು ಹೇಗಿತ್ತೆಂದೂ ತಿಳಿಯದು. ಆದರೆ ಹೆಸರು ತಿಳಿದಿದೆ. ಎಂಟೂವರೆ ಶತಮಾನದ ಮಳೆ ಬಿಸಿಲು ಕಳೆದ ಮೇಲೂ ಒಬ್ಬ ಹೆಂಗಸಿನ ಹೆಸರನ್ನು ನಾವು ಬಾಯಿತುಂಬ ಹೇಳಬಲ್ಲೆವು. ಬಮ್ಮ ಎಂಬುದು ಬ್ರಹ್ಮದ ತದ್ಭವ, ಅವೆ ಎಂದರೆ ಅವ್ವೆ, ಅವ್ವ. ಗುಡಿಯ ದೇವರು ಬ್ರಹ್ಮೇಶ್ವರ, ಕಟ್ಟಿಸಿದಾಕೆ ಬಮ್ಮವೆ. ದೇವರ ಹೆಸರು ಸಂಸ್ಕೃತದ ಉಡುಗೆಯಲ್ಲಿದೆ, ಅವ್ವನ ಹೆಸರು ಕನ್ನಡದಲ್ಲಿದೆ.

ದತ್ತಿಗೂ ಹೆಸರಿಗೂ ಇರುವ ನಂಟು ಹೀಗೆ ಹಳೆಯದು. ಅದಕ್ಕೇ ಈ ದತ್ತಿ ಉಪನ್ಯಾಸಕ್ಕೆ ಒಂದು ಹೆಣ್ಣಿನ ಹೆಸರನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಯಾವ ಹೆಸರು ಎಂದು ಹೇಮಗಿರಿಯಲ್ಲಿ ನಿಂತು ಯೋಚಿಸಬೇಕಾದ ಅಗತ್ಯವೇ ಬರಲಿಲ್ಲ. ಹೇಮಾವತಿ. ಮಂಡ್ಯ ಮತ್ತು ಹಾಸನ ಸೀಮೆಯ ಯಾವ ಶಾಲೆಯ ಹಾಜರಿ ಪುಸ್ತಕವನ್ನು, ಯಾವ ಊರಿನ ಮತದಾರರ ಪಟ್ಟಿಯನ್ನು ತೆರೆದರೂ ಈ ಹೆಸರು ಎದುರಾಗುತ್ತದೆ. ಇಲ್ಲಿ ಕುಳಿತಿರುವ ತಾಯಂದಿರಲ್ಲೂ ಕೆಲವರದು ಇದೇ ಹೆಸರಿರಬೇಕು. ಈ ಹೆಸರಿನ ಅರ್ಥವೇನು, ಇದು ಎಲ್ಲಿಂದ ಬಂತು ಎಂಬುದಷ್ಟೇ ಇಂದಿನ ನನ್ನ ಪ್ರಶ್ನೆ.

ಮೊದಲು ನಿಘಂಟಿನ ಹಾದಿ. ಹೇಮ ಎಂದರೆ ಚಿನ್ನ. ಅಮರಕೋಶ ಚಿನ್ನಕ್ಕೆ ಕೊಡುವ ಹೆಸರುಗಳ ಸಾಲಿನಲ್ಲಿ ಸ್ವರ್ಣ, ಕನಕ, ಹಿರಣ್ಯಗಳ ಜೊತೆಗೆ ಹೇಮವೂ ಇದೆ. ಅದಕ್ಕೆ ‘ಉಳ್ಳದ್ದು’ ಎಂಬ ಅರ್ಥದ ಪ್ರತ್ಯಯ ಸೇರಿ, ಸ್ತ್ರೀಲಿಂಗವಾದರೆ ಹೇಮವತೀ, ಚಿನ್ನವುಳ್ಳವಳು. ಆದರೆ ಈ ಲೆಕ್ಕದಲ್ಲಿ ನಡುವಿನ ‘ಮ’ ಹ್ರಸ್ವವಾಗಿರಬೇಕು. ನಮ್ಮ ಬಾಯಲ್ಲಿ ಅದು ದೀರ್ಘ. ಈ ದೀರ್ಘ ಎಲ್ಲಿಂದ ಬಂತು?

ಪಾಣಿನಿ ಇಂಥ ದೀರ್ಘವನ್ನು ಗಮನಿಸಿದ್ದಾನೆ. ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಪದವು ಒಂದು ವಸ್ತುವಿನ ಅಥವಾ ಸ್ಥಳದ ಹೆಸರಾಗಿ ನಿಂತಾಗ ಈ ಪ್ರತ್ಯಯದ ಹಿಂದಿನ ಸ್ವರ ದೀರ್ಘವಾಗುತ್ತದೆ ಎಂದು ಹೇಳುತ್ತಾನೆ. ಅಮರಾವತಿ ಹೀಗೆ ಆದದ್ದು. ಆ ಸೂತ್ರ ಎರಡಕ್ಕಿಂತ ಹೆಚ್ಚು ಸ್ವರಗಳಿರುವ ಪದಗಳಿಗೆ. ಎರಡೇ ಸ್ವರಗಳ ಕೆಲವು ಪದಗಳಿಗಾಗಿ ಮುಂದಿನ ಸೂತ್ರದಲ್ಲಿ ‘ಶರ’ದಿಂದ ಮೊದಲಾಗುವ ಒಂದು ಪಟ್ಟಿಯನ್ನೇ ಇಟ್ಟಿದ್ದಾನೆ. ಶರ ಎಂದರೆ ಜೊಂಡು, ಶರಾವತಿ ಎಂದರೆ ಜೊಂಡುಳ್ಳದ್ದು. ನಮ್ಮ ಮಲೆನಾಡಿನ ಶರಾವತಿಯ ಹೆಸರಿಗೂ ಇದೇ ರೂಪ. ಹೇಮ ಆ ಪಟ್ಟಿಯಲ್ಲಿಲ್ಲ. ಆದರೂ ಜನರ ಬಾಯಿ ಪಟ್ಟಿಯನ್ನು ನೋಡಿ ಮಾತಾಡುವುದಿಲ್ಲ. ಶರಾವತಿ, ನೇತ್ರಾವತಿ, ವೇದಾವತಿ, ಹರಿದ್ರಾವತಿ ಎಂದು ಕನ್ನಡ ನಾಡಿನ ಹೊಳೆಗಳ ಒಂದು ಸಾಲೇ ಈ ದೀರ್ಘದಲ್ಲಿ ಹರಿಯುತ್ತಿದೆ. ಹೇಮಾವತಿ ಆ ಸಾಲಿಗೆ ಸೇರಿದೆ. ಹೆಸರಿನ ಕೊನೆಯಲ್ಲಿದ್ದ ಸಂಸ್ಕೃತದ ದೀರ್ಘವನ್ನು, ನದೀ ಎಂಬುದು ನದಿಯಾದಂತೆ, ಗೌರೀ ಎಂಬುದು ಗೌರಿಯಾದಂತೆ, ಕನ್ನಡ ಹ್ರಸ್ವ ಮಾಡಿಕೊಂಡಿದೆ. ನಡುವಿನ ದೀರ್ಘವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ನನಗೆ ಇದು ಮುಖ್ಯ ಸಾಕ್ಷಿ. ಚಿನ್ನದ ಅರ್ಥವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಗಳಿಗೆ ಹೆಸರಿಡುವವರು ಹೇಮಾ ಎನ್ನಬಹುದು, ಹೇಮಲತಾ, ಹೇಮಪ್ರಭಾ ಎನ್ನಬಹುದು. ಹೇಮಾವತಿ ಎಂದು ದೀರ್ಘ ಎಳೆದು ಹೇಳುವಾಗ ಅವರ ಕಣ್ಣಮುಂದೆ ಇರುವುದು ಹೊಳೆ.

ಈ ಹೆಸರಿಗೆ ಇನ್ನೊಂದು ತವರೂ ಇದೆ, ಅದನ್ನು ದಾಟಿ ಹೋಗಲು ನನಗೆ ಮನಸ್ಸಿಲ್ಲ. ಕೇನೋಪನಿಷತ್ತಿನಲ್ಲಿ ಒಂದು ಕಥೆ ಬರುತ್ತದೆ. ಗೆಲುವು ತಮ್ಮದೆಂದು ದೇವತೆಗಳು ಬೀಗುತ್ತಿರುವಾಗ ಅವರ ಮುಂದೆ ಒಂದು ಯಕ್ಷ ನಿಲ್ಲುತ್ತದೆ. ಅದು ಇಟ್ಟ ಒಂದು ಹುಲ್ಲುಕಡ್ಡಿಯನ್ನು ಸುಡಲು ಅಗ್ನಿಗೆ ಆಗುವುದಿಲ್ಲ, ಅಲುಗಿಸಲು ವಾಯುವಿಗೆ ಆಗುವುದಿಲ್ಲ. ಇಂದ್ರ ಹತ್ತಿರ ಹೋದರೆ ಯಕ್ಷವೇ ಮಾಯ. ಅದೇ ಆಕಾಶದಲ್ಲಿ ಬಹಳ ಶೋಭೆಯಿಂದ ಬೆಳಗುವ ಒಬ್ಬ ಹೆಣ್ಣು ಕಾಣಿಸುತ್ತಾಳೆ. ಅವಳು ಉಮಾ ಹೈಮವತಿ. ನೀವು ಕಂಡದ್ದು ಬ್ರಹ್ಮ, ಗೆಲುವು ಅದರದು ಎಂದು ದೇವರಾಜನಿಗೆ ತಿಳಿಸಿ ಹೇಳುವವಳು ಅವಳೇ. ಈ ಹೈಮವತಿ ಎಂಬ ಮಾತಿಗೆ ಶಂಕರರ ಭಾಷ್ಯ ಎರಡು ಅರ್ಥ ಕೊಡುತ್ತದೆ: ಚಿನ್ನದ ಒಡವೆ ತೊಟ್ಟವಳಂತೆ ಹೊಳೆಯುವವಳು, ಅಥವಾ ಹಿಮವಂತನ ಮಗಳು. ಹೇಮ ಬೇರೆ, ಹಿಮ ಬೇರೆ. ವ್ಯಾಕರಣ ಅವೆರಡನ್ನೂ ಬೇರೆ ಬೇರೆ ಮಾಡಿಯೇ ಇಡುತ್ತದೆ. ಆದರೆ ಹೈಮವತಿ ಎಂಬ ಪದದಲ್ಲಿ ಅವು ಒಂದನ್ನೊಂದು ಮುಟ್ಟುತ್ತವೆ, ಭಾಷ್ಯಕಾರರು ಎರಡಕ್ಕೂ ಜಾಗ ಬಿಟ್ಟಿದ್ದಾರೆ. ಹೆಣ್ಣುಮಕ್ಕಳ ಹೆಸರೆಂದರೆ ಚೆಲುವು ಮತ್ತು ಒಡವೆ ಎಂದು ತಿಳಿದವರಿಗೆ ಈ ಕಥೆಯನ್ನು ನೆನಪು ಮಾಡಬೇಕು. ಉಪನಿಷತ್ತಿನ ಹೈಮವತಿ ಗುರುವಿನ ಸ್ಥಾನದಲ್ಲಿ ನಿಂತವಳು. ಗಂಡು ದೇವತೆಗಳಿಗೆ ತಿಳಿಯದ್ದು ಅವಳಿಗೆ ತಿಳಿದಿತ್ತು.

ಇಷ್ಟಾಗಿಯೂ ಬಂಡಿಹೊಳೆಯ ಒಬ್ಬ ರೈತ ತನ್ನ ಮಗಳಿಗೆ ಹೇಮಾವತಿ ಎಂದು ಹೆಸರಿಟ್ಟಾಗ ಕೇನೋಪನಿಷತ್ತನ್ನು ನೆನೆದಿರಲಾರ, ಅಮರಕೋಶವನ್ನೂ ತೆರೆದಿರಲಾರ. ಅವನ ಗದ್ದೆಗೆ ನೀರು ಬರುವುದು ಹೊಳೆಯಿಂದ. ಆದ್ದರಿಂದ ಹೊಳೆಯ ಕಡೆಗೆ ಹೋಗೋಣ.

ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಬಲ್ಲಾಳರಾಯನದುರ್ಗದ ಮಗ್ಗುಲಲ್ಲಿ. ಸಕಲೇಶಪುರವನ್ನು ಹಾದು, ಗೊರೂರಿನ ಬಳಿ ಯಗಚಿಯನ್ನು ಸೇರಿಸಿಕೊಂಡು, ಹೊಳೆನರಸೀಪುರವನ್ನು ದಾಟಿ ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿಗೆ ಬರುತ್ತದೆ. ಮಂದಗೆರೆಯಲ್ಲಿ ಒಂದು ಅಣೆ, ಹೇಮಗಿರಿಯಲ್ಲಿ ಒಂದು, ಅಕ್ಕಿಹೆಬ್ಬಾಳಿನಲ್ಲಿ ಇನ್ನೊಂದು. ಆಮೇಲೆ ಅಂಬಿಗರಹಳ್ಳಿಯ ಸಂಗಮದಲ್ಲಿ ಕಾವೇರಿಯನ್ನು, ಲಕ್ಷ್ಮಣತೀರ್ಥವನ್ನು ಕೂಡಿಕೊಂಡು ಕನ್ನಂಬಾಡಿಯ ಹಿನ್ನೀರಾಗುತ್ತದೆ. ಒಟ್ಟು ಸುಮಾರು 245 ಕಿಲೋಮೀಟರ್ ನಡಿಗೆ. 2022ರಲ್ಲಿ ಆ ಸಂಗಮದಲ್ಲಿ ಕುಂಭಮೇಳವಾದದ್ದು ನಿಮಗೆಲ್ಲ ನೆನಪಿದೆ.

ಇಲ್ಲಿ ಒಂದು ಪ್ರಶ್ನೆಯನ್ನು ಮೊದಲೇ ಇತ್ಯರ್ಥ ಮಾಡಿಬಿಡುತ್ತೇನೆ. ಹೇಮಗಿರಿಯಿಂದ ಹೊಳೆಗೆ ಹೇಮಾವತಿ ಎಂಬ ಹೆಸರು ಬಂತೋ, ಹೊಳೆಯಿಂದ ಗಿರಿಗೆ ಬಂತೋ? ಈ ಸುತ್ತಿನಲ್ಲಿ ಗಿರಿಯೇ ಮೊದಲು ಎನ್ನುವವರಿದ್ದಾರೆ. ಕಲ್ಯಾಣ ವೆಂಕಟರಮಣಸ್ವಾಮಿ ನೆಲೆಸಿದ ಗುಡ್ಡದ ಮೇಲಿನ ಅಭಿಮಾನ ನನಗೂ ಇದೆ. ಆದರೆ ಹೊಳೆ ಸಕಲೇಶಪುರದಲ್ಲೂ ಹೇಮಾವತಿಯೇ, ಗೊರೂರಿನಲ್ಲೂ ಹೇಮಾವತಿಯೇ. ನಮ್ಮ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಅದರ ಪಯಣದ ಬಹುಪಾಲು ಮುಗಿದಿರುತ್ತದೆ. ಕೆಳಗಿನ ಊರಿನ ಗುಡ್ಡ ಮೇಲಿನ ಸೀಮೆಯ ಹೊಳೆಗೆ ಹೆಸರು ಕೊಡುವುದು ಕಷ್ಟ. ಹೊಳೆಯೇ ಗಿರಿಗೆ ಹೆಸರು ಕೊಟ್ಟಿರಬೇಕು ಎಂಬುದು ನನ್ನ ತೀರ್ಮಾನ.

ಹಾಗಾದರೆ ಹೊಳೆಗೆ ಆ ಹೆಸರು ಯಾಕೆ? ಬ್ರಿಟಿಷರ ಕಾಲದ ಗೆಜೆಟಿಯರುಗಳು ಈ ನದಿಗೆ ಹೇಮಾವತಿಯ ಜೊತೆಗೆ ಇನ್ನೊಂದು ಹೆಸರನ್ನೂ ಬರೆದಿಟ್ಟಿವೆ: ಎಣ್ಣೆಹೊಳೆ. ಈ ಹೆಸರು ಕೇಳಿದಾಗ ಘಟ್ಟದ ಆಚೆಯ ಇನ್ನೊಂದು ಹೊಳೆ ನೆನಪಾಗುತ್ತದೆ. ಉಡುಪಿ ಜಿಲ್ಲೆಯಲ್ಲಿ ಸ್ವರ್ಣಾ ಎಂಬ ನದಿಯಿದೆ. ಅದು ಕಾರ್ಕಳ ತಾಲ್ಲೂಕಿನಲ್ಲಿ ಹರಿಯುವಾಗ ಅದರ ದಡದಲ್ಲಿರುವ ಊರಿನ ಹೆಸರೂ ಎಣ್ಣೆಹೊಳೆಯೇ. ಒಂದು ಮೂಡಲಿಗೆ ಹರಿಯುವ ನದಿ, ಇನ್ನೊಂದು ಪಡುವಲಿಗೆ ಹರಿಯುವ ನದಿ. ಎರಡೂ ಸಹ್ಯಾದ್ರಿಯ ಮಕ್ಕಳು. ಎರಡಕ್ಕೂ ಸಂಸ್ಕೃತದಲ್ಲಿ ಚಿನ್ನದ ಹೆಸರು, ಎರಡರ ಜೊತೆಗೂ ಕನ್ನಡದಲ್ಲಿ ಎಣ್ಣೆಯ ಹೆಸರು. ಇದನ್ನು ಆಕಸ್ಮಿಕ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಳೆಗಾಲದ ಕೆಂಪು ತಿಳಿದು, ಪುಷ್ಯ ಮಾಘದ ಎಳೆಬಿಸಿಲಿನಲ್ಲಿ ಈ ಹೊಳೆ ನಿಧಾನವಾಗಿ ಸಾಗುವುದನ್ನು ಕಂಡವರಿಗೆ, ಗಾಣದಿಂದ ಇಳಿಯುವ ಎಣ್ಣೆಯ ಹಾಗೆ ನೀರು ಮಡಿಕೆ ಮಡಿಕೆಯಾಗಿ ಹೊಳೆಯುವುದು ಗೊತ್ತು. ಎಣ್ಣೆಯ ಆ ಹಳದಿ ಹೊಳಪನ್ನೇ ಸಂಸ್ಕೃತ ಬಲ್ಲವರು ಹೇಮ ಎಂದು ಕರೆದಿರಬಹುದು, ಸ್ವರ್ಣ ಎಂದು ಕರೆದಿರಬಹುದು. ಇದು ನನ್ನ ಊಹೆ. ಆದರೆ ಹೊಳೆ ಎಂಬ ಒಂದೇ ಕನ್ನಡ ಮಾತು ನದಿಯನ್ನೂ ಪ್ರಕಾಶವನ್ನೂ ಹೇಳುವ ನುಡಿಯಲ್ಲಿ ಇಂಥ ಊಹೆಗೆ ನೆಲೆಯಿದೆ ಎಂದೇ ನಾನು ನಂಬಿದ್ದೇನೆ.

ಕನ್ನಡದ ಹೆಸರೊಂದರ ಮೇಲೆ ಹೇಮಾವತಿ ಎಂಬ ಹೆಸರು ಬಂದು ಕುಳಿತದ್ದು ಇನ್ನೊಂದು ಕಡೆಯೂ ಇದೆ. ಆಂಧ್ರದ ಗಡಿಯಲ್ಲಿ, ಮಡಕಶಿರಾದ ಬಳಿ ಹೇಮಾವತಿ ಎಂಬ ಊರಿದೆ. ನೊಳಂಬರ ರಾಜಧಾನಿ ಅದು. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ಆ ಮನೆತನದ ಶಾಸನಗಳಲ್ಲಿ ಆ ಊರು ಪೆಂಜೆರು, ಹೆಂಜೆರು. ಅಲ್ಲಿನ ಸಿದ್ಧೇಶ್ವರನನ್ನು ಜನ ಹೆಂಜೇರಪ್ಪ ಎಂದು ಕರೆಯುತ್ತ ಬಂದಿದ್ದಾರೆ. ಹೆಂಜೆರು ಎಂಬ ಗಟ್ಟಿ ಕನ್ನಡದ ಹೆಸರು ಕಾಲಾಂತರದಲ್ಲಿ ಹೇಮಾವತಿಯಾಯಿತು. ದೇವರ ಹೆಸರಿನಲ್ಲಿ ಮಾತ್ರ ಹಳೆಯ ಊರು ಉಳಿದುಕೊಂಡಿತು. ನಮ್ಮಲ್ಲೂ ಅತ್ತಿಕುಪ್ಪೆ ಕೃಷ್ಣರಾಜಪೇಟೆಯಾದದ್ದು ನಿಮಗೆ ಗೊತ್ತು. ಹೊಸ ಹೆಸರು ಬಂದಾಗ ಹಳೆಯದನ್ನು ಬರೆದಿಟ್ಟುಕೊಳ್ಳುವವರು ಬೇಕು. ಎಣ್ಣೆಹೊಳೆ ಎಂಬ ಹೆಸರು ನಮ್ಮ ಮಕ್ಕಳ ಪಠ್ಯದಲ್ಲಿ ಎಲ್ಲಿಯೂ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಸಂಗೀತದವರಿಗೂ ಒಂದು ಹೇಮವತಿ ಇದ್ದಾಳೆ. 72 ಮೇಳಕರ್ತಗಳಲ್ಲಿ ಅವಳದು 58ನೆಯ ಸ್ಥಾನ. ಕಟಪಯಾದಿ ಲೆಕ್ಕದಲ್ಲಿ ‘ಹೇ’ ಎಂದರೆ ಎಂಟು, ‘ಮ’ ಎಂದರೆ ಐದು. ತಿರುಗಿಸಿ ಓದಿದರೆ 58. ರಾಗದ ಸಂಖ್ಯೆ ಹೆಸರಿನ ಮೊದಲೆರಡು ಅಕ್ಷರಗಳಲ್ಲೇ ಅಡಗಿರಲಿ ಎಂದು ಇಟ್ಟ ಹೆಸರದು. ದೀಕ್ಷಿತರ ಪರಂಪರೆಯಲ್ಲಿ ಈ ರಾಗಕ್ಕೆ ದೇಶೀ ಸಿಂಹಾರವ ಎಂಬ ಬೇರೆ ಹೆಸರೇ ಇದೆ. ಹೇಮವತಿ ಎಂಬ ರಾಗದ ಹೆಸರಿನಲ್ಲಿ ‘ಮ’ ಹ್ರಸ್ವ ಎಂಬುದನ್ನು ಗಮನಿಸಿ. ರಾಗಕ್ಕೂ ನಮ್ಮ ಹೊಳೆಗೂ ಸಂಬಂಧವಿಲ್ಲ.

ಈಗ ಹೆಣ್ಣುಮಕ್ಕಳ ವಿಷಯ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಹೆಣ್ಣಿನ ಹೆಸರು ಹೇಗಿರಬೇಕೆಂದು ಹೇಳಿದೆ: ಸುಲಭವಾಗಿ ನುಡಿಯುವಂತಿರಬೇಕು, ಕ್ರೂರವಾಗಿರಬಾರದು, ಮಂಗಳಕರವಾಗಿರಬೇಕು, ದೀರ್ಘ ಸ್ವರದಲ್ಲಿ ಮುಗಿಯಬೇಕು. ಅದೇ ಗ್ರಂಥದ ಮೂರನೆಯ ಅಧ್ಯಾಯ ಮದುವೆಗೆ ಎಂಥ ಕನ್ಯೆಯನ್ನು ಬಿಡಬೇಕೆಂದು ಹೇಳುತ್ತ ನಕ್ಷತ್ರದ ಹೆಸರಿನವಳು, ಮರದ ಹೆಸರಿನವಳು, ನದಿಯ ಹೆಸರಿನವಳು, ಬೆಟ್ಟದ ಹೆಸರಿನವಳು, ಹಕ್ಕಿಯ, ಹಾವಿನ ಹೆಸರಿನವಳು ಬೇಡ ಎನ್ನುತ್ತದೆ. ನದಿಯ ಹೆಸರಿನ ಹೆಣ್ಣನ್ನು ಮದುವೆಯಾಗಬಾರದಂತೆ! ಈ ಮಾತು ನಡೆದಿದ್ದರೆ ಕಾವೇರಿ ಸೀಮೆಯಲ್ಲಿ ಎಷ್ಟು ಮದುವೆಗಳು ನಿಲ್ಲಬೇಕಿತ್ತು ಎಂದು ಯೋಚಿಸಿ. ಕಾವೇರಿ, ಗಂಗೆ, ಗೌರಿಯಷ್ಟೇ ಸಲೀಸಾಗಿ ತುಂಗಾ, ಭದ್ರಾ, ಕಪಿಲಾ, ಶರಾವತಿ, ನೇತ್ರಾವತಿ, ಹೇಮಾವತಿ. ರೇವತಿ, ರೋಹಿಣಿಯರು ನಕ್ಷತ್ರದ ಹೆಸರಿನವರು, ಅವರೂ ಮನೆಮನೆಯಲ್ಲಿದ್ದಾರೆ. ನಮ್ಮ ಜನ ಆ ನಿಷೇಧವನ್ನು ಎದುರಿಸಿ ವಾದ ಮಾಡಲಿಲ್ಲ. ಅದು ತಮಗೆ ಹೇಳಿದ್ದಲ್ಲವೆಂಬಂತೆ ನಡೆದುಕೊಂಡರು. ಹೊಳೆಯನ್ನು ಹೆಣ್ಣು ಎಂದು ಕಂಡವರಿಗೆ ಹೆಣ್ಣುಮಗುವನ್ನು ಹೊಳೆ ಎಂದು ಕರೆಯುವುದರಲ್ಲಿ ಅಮಂಗಳ ಎಲ್ಲಿ ಕಂಡೀತು?

ಹೊಳೆಯನ್ನು ಹೆಣ್ಣಾಗಿ ಕಾಣುವುದು ಇಲ್ಲಿ ಬರಿಯ ಮಾತಲ್ಲ. ಕಟ್ಟೆ ತುಂಬಿದಾಗ ಬಾಗಿನ ಬಿಡುತ್ತೇವೆ. ಬಾಗಿನವೆಂದರೆ ಏನು? ಹೊಸ ಮೊರ, ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಕರಿಮಣಿ, ರವಿಕೆ ಕಣ, ಬೇಳೆ, ಬೆಲ್ಲ. ಗೌರಿ ಹಬ್ಬದಲ್ಲಿ ತವರಿನಿಂದ ಮಗಳಿಗೆ ಹೋಗುವುದೂ ಇದೇ. ತುಂಬಿದ ಹೊಳೆ ನಮಗೆ ತುಂಬಿದ ಮುತ್ತೈದೆ. ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೇಮಾವತಿ ಎಂದು ಹೇಳಿದಾಗ ಅದೇ ನಂಟು ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಹೊಳೆಗೆ ಮಗಳ ಉಡುಗೊರೆ, ಮಗಳಿಗೆ ಹೊಳೆಯ ಹೆಸರು.

ಆದರೆ ಈ ಹೆಸರು ಹಳ್ಳಿಮನೆಗಳಿಗೆ ಬಹಳ ಹಿಂದೆಯೇ ಬಂದದ್ದು ಎಂದು ನಾನು ಹೇಳಲಾರೆ. ಶಾಸನಗಳ ಹೆಣ್ಣುಮಕ್ಕಳನ್ನು ನೋಡಿ. 918ರ ಶಾಸನದ ಜಕ್ಕಿಯಬ್ಬೆ ನಾಗರಖಂಡ ಎಪ್ಪತ್ತನ್ನು ಆಳಿದವಳು. ದಾನಚಿಂತಾಮಣಿ ಅತ್ತಿಮಬ್ಬೆ. ಶಾಂತಲೆಯ ತಾಯಿ ಮಾಚಿಕಬ್ಬೆ. ಅಬ್ಬೆ, ಅವ್ವೆ, ಅಕ್ಕ ಎಂದು ಕೊನೆಗೊಳ್ಳುವ ಈ ಹೆಸರುಗಳಲ್ಲಿ ಹೆಣ್ಣು ಎಂದರೆ ತಾಯಿ, ಹಿರಿಯಳು. ‘ವತಿ’ ಎಂದು ಮುಗಿಯುವ ಹೆಸರುಗಳು ಹೆಚ್ಚಾಗಿ ದೇವತೆಗಳದು, ಕಾವ್ಯದ ನಾಯಕಿಯರದು. ಹೊಂಬುಜದ ಯಕ್ಷಿ ಪದ್ಮಾವತಿ, ನೇಮಿಚಂದ್ರನ ಲೀಲಾವತಿ. ಅಬ್ಬೆ ಅಮ್ಮನಾದ ಮೇಲೆ ನಮ್ಮ ಅಜ್ಜಿಯರು ಪುಟ್ಟಮ್ಮ, ನಿಂಗಮ್ಮ, ಕೆಂಪಮ್ಮ, ದೇವಮ್ಮ, ಸಣ್ಣಮ್ಮ ಆದರು. ಇವು ಪ್ರೀತಿಯ ಹೆಸರುಗಳು, ಮನೆದೇವರ ಹೆಸರುಗಳು. ಅವುಗಳ ನಡುವೆ ಸಾಕಮ್ಮ ಎಂಬ ಹೆಸರೂ ಇದೆ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ಇನ್ನು ಸಾಕು ಎಂದು ಇಟ್ಟ ಹೆಸರು ಎಂದು ಹಳ್ಳಿಯಲ್ಲಿ ವಿವರಿಸುತ್ತಾರೆ. ಎಲ್ಲ ಸಾಕಮ್ಮಂದಿರಿಗೂ ಆ ವಿವರಣೆ ಹೊಂದದಿರಬಹುದು, ಸಾಕಿ ಸಲಹುವ ಅರ್ಥವೂ ಆ ಪದಕ್ಕಿದೆ. ಹೊಂದಿದ ಕಡೆ ಆ ಹೆಸರು ಹೊತ್ತು ಬದುಕಿದ ಹೆಂಗಸಿನ ಮನಸ್ಸನ್ನು ನೆನೆದರೆ ಕರುಳು ಕಿವುಚುತ್ತದೆ. ಮೂರನೆಯ ಹೆಣ್ಣು ಕೂಸಿಗೂ ಹೇಮಾವತಿ ಎಂದು ಹೆಸರಿಟ್ಟ ಅಪ್ಪ ಅಮ್ಮಂದಿರನ್ನು ನಾನು ಈ ಕಾರಣಕ್ಕೆ ಗೌರವಿಸುತ್ತೇನೆ.

ಪುಟ್ಟಮ್ಮ, ನಿಂಗಮ್ಮರ ಮನೆಗಳಿಗೆ ಹೇಮಾವತಿ ಎಂಬ ಹೆಸರು ಬಂದ ಬದಲಾವಣೆಗೆ ಶಾಲೆ ಕಾರಣ, ಕಂಪನಿ ನಾಟಕ ಕಾರಣ, ಕಾದಂಬರಿ ಮತ್ತು ಸಿನಿಮಾ ಕಾರಣ ಎಂದು ನನ್ನ ಎಣಿಕೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಇದೇ ಹೊಳೆಯ ದಡದಲ್ಲಿ 1904ರಲ್ಲಿ ಹುಟ್ಟಿದವರು. ಹೇಮಾವತಿ ಎಂಬ ಕಾದಂಬರಿ ಅವರದಿದೆ. ಹೊಳೆದಂಡೆಯ ಬದುಕನ್ನು ಕನ್ನಡಿಗರೆಲ್ಲರ ಮನೆಗೆ ತಲುಪಿಸಿದ್ದು ಅವರ ಬರಹ. 1977ರಲ್ಲಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ‘ಹೇಮಾವತಿ’ ಚಿತ್ರ ಬಂತು. ಎಸ್. ಜಾನಕಿಯವರು ಆ ಚಿತ್ರಕ್ಕೆ ಹಾಡಿದ್ದು ಇಂದಿಗೂ ಕೇಳುತ್ತಿದೆ.

ಬರವಣಿಗೆಯ ಹೆಸರು ಒಂದು, ಬಾಯಿಯ ಹೆಸರು ಇನ್ನೊಂದು. ನಮ್ಮ ಕಡೆ ಹಳ್ಳಿ ಅಳ್ಳಿಯಾಗುತ್ತದೆ, ಹೊಳೆ ಒಳೆಯಾಗುತ್ತದೆ. ಹೇಮಾವತಿ ಏಮಾವತಿಯಾಗುತ್ತಾಳೆ, ಅವಸರದಲ್ಲಿ ಏಮಾ, ಅಕ್ಕರೆಯಲ್ಲಿ ಏಮಕ್ಕ. ಪಟ್ಟಣದಲ್ಲಿ ಓದಿ ಬಂದ ಮಕ್ಕಳು ತಾಯಿಯ ಹೆಸರನ್ನು ಹೀಗೆ ಕರೆದಾಗ ಮುಜುಗರ ಪಡುವುದನ್ನು ಕಂಡಿದ್ದೇನೆ. ಮುಜುಗರ ಬೇಡ. ಹಕಾರ ಬಿಟ್ಟರೂ ನಡುವಿನ ದೀರ್ಘವನ್ನು ಈ ಬಾಯಿ ಬಿಟ್ಟಿಲ್ಲ. ಹೊಳೆಯ ಗುರುತು ಇರುವುದು ಆ ದೀರ್ಘದಲ್ಲಿ ಎಂದು ಆಗಲೇ ಹೇಳಿದೆ.

ಈಚೆಗೆ ಈ ಹೆಸರು ಹೊಳೆ ಹರಿಯದ ನಾಡಿಗೂ ಹೋಗಿದೆ. 1979ರಲ್ಲಿ ಗೊರೂರಿನ ಅಣೆಕಟ್ಟೆ ಪೂರ್ತಿಯಾಯಿತು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವಂತಾದದ್ದು ಅದರ ಹಿನ್ನೀರಿನಿಂದ. ಎಡದಂಡೆ ನಾಲೆಯ ನೀರು ನಾಗಮಂಗಲದ ಕಡೆಗೆ ಬಂತು. ಬಾಗೂರು ನವಿಲೆಯ ಸುರಂಗವನ್ನು ದಾಟಿ ತುಮಕೂರು ಜಿಲ್ಲೆಗೂ ಹೋಯಿತು. ತುಮಕೂರು ಪಟ್ಟಣ ಕುಡಿಯುವುದು ಬುಗುಡನಹಳ್ಳಿ ಕೆರೆಗೆ ಬಂದು ನಿಂತ ಈ ನೀರನ್ನೇ. ಆ ಸೀಮೆಯಲ್ಲಿ ‘ಹೇಮಾವತಿ ಬಂತಾ?’ ಎಂದು ಕೇಳಿದರೆ ನಾಲೆಗೆ ನೀರು ಬಿಟ್ಟರೇ ಎಂದು ಅರ್ಥ. ಆ ನೀರಿಗಾಗಿ ಜಿಲ್ಲೆ ಜಿಲ್ಲೆಗಳ ನಡುವೆ ಜಗಳವೂ ಇದೆ, ಚಳವಳಿಯೂ ಇದೆ. ಹೊಳೆಯನ್ನೇ ಕಾಣದೆ ನಲ್ಲಿಯಲ್ಲಿ, ತೂಬಿನಲ್ಲಿ ಅದನ್ನು ಕಂಡ ಮನೆಯವರು ನಾಳೆ ತಮ್ಮ ಮಗಳಿಗೆ ಈ ಹೆಸರಿಟ್ಟರೆ, ಆ ಹೆಸರಿನ ಮೂಲ ಎಲ್ಲಿ? ನಿಘಂಟಿನ ಹೇಮದಲ್ಲೋ, ಹಿಮವಂತನ ಮನೆಯಲ್ಲೋ, ಗೊರೂರಿನ ಕಟ್ಟೆಯಲ್ಲೋ? ನನ್ನನ್ನು ಕೇಳಿದರೆ ಜಾವಳಿಯಲ್ಲಿ ಎನ್ನುತ್ತೇನೆ.